ಬೇರ್ಪಡುವಾಗಿನ ಲೆಕ್ಕಪತ್ರ

ಕೇರಳ, ಕರ್ನಾಟಕಗಳ ನಡುವಿನ ತಲಪಾಡಿಯ ಗಡಿ ದಾಟಿ ಹೆಣ್ಣು ಕೊಡುವುದು, ಹೆಣ್ಣು ತರುವುದು ನಮ್ಮಲ್ಲಿ ಯಾರಿಗೂ ವಿಶೇಷವೆನಿಸುವ ಸಂಗತಿಯಲ್ಲ. ಮಂಜೇಶ್ವರದ ಹುಡುಗಿ ಬಂಟ್ವಾಳಕ್ಕೆ ಸೊಸೆಯಾಗಿ ಹೋಗುತ್ತಾಳೆ, ಪುತ್ತೂರಿನ ಹುಡುಗಿ ಬದಿಯಡ್ಕಕ್ಕೆ ಬರುತ್ತಾಳೆ, ಸುಳ್ಯದಲ್ಲಿ ಧಾರೆಯಾಗಿ ಮುಳ್ಳೇರಿಯದಲ್ಲಿ ಔತಣ ನಡೆಯುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳ ನಡುವೆ ಗೆರೆ ಬಿದ್ದಾಗ ನಮ್ಮ ನೆಂಟಸ್ತಿಕೆಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆದರೆ ದಾಂಪತ್ಯ ಮುರಿದು ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿದ ದಿನ ಆ ಗೆರೆ ಇದ್ದಕ್ಕಿದ್ದಂತೆ ಗೋಡೆಯಾಗಿ ಎದ್ದು ನಿಲ್ಲುತ್ತದೆ. ಕಾಸರಗೋಡಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ವಕೀಲಿ ಮಾಡಿದವನಾಗಿ ನಾನು ಇಂದು ಹೇಳಬೇಕೆಂದಿರುವುದು ವಿಚ್ಛೇದನ ಸರಿಯೋ ತಪ್ಪೋ ಎಂಬುದನ್ನಲ್ಲ. ಅದನ್ನು ನಿಮ್ಮ ನಿಮ್ಮ ಮನೆಯವರು ತೀರ್ಮಾನಿಸಿಕೊಳ್ಳಲಿ. ಬೇರ್ಪಡುವುದು ಖಚಿತವಾದ ಮೇಲೆ ಚಿನ್ನ, ಮನೆ, ಸಾಲ, ಜೀವನಾಂಶ ಇವುಗಳ ಲೆಕ್ಕ ಹೇಗೆ ನಡೆಯುತ್ತದೆ, ಯಾವ ಕಾಗದ ಇದ್ದವರು ಗೆಲ್ಲುತ್ತಾರೆ, ಯಾವ ಕಾಗದ ಇಲ್ಲದವರು ಸೋಲುತ್ತಾರೆ ಎಂಬುದಷ್ಟೇ ನನ್ನ ವಿಷಯ.

ಮೊದಲು ಗಡಿಯ ಮಾತನ್ನೇ ಮುಗಿಸಿಬಿಡುತ್ತೇನೆ. ಹಿಂದೂ ವಿವಾಹ ಕಾಯಿದೆಯ 19ನೆಯ ಸೆಕ್ಷನ್ ಪ್ರಕಾರ ಮದುವೆ ನಡೆದ ಊರಿನಲ್ಲಿ, ಎದುರು ಪಕ್ಷದವರು ವಾಸಿಸುವ ಊರಿನಲ್ಲಿ, ಅಥವಾ ಗಂಡ ಹೆಂಡತಿ ಕೊನೆಯದಾಗಿ ಒಟ್ಟಿಗೆ ಬಾಳಿದ ಊರಿನಲ್ಲಿ ಅರ್ಜಿ ಹಾಕಬಹುದು. 2003ರಲ್ಲಿ ಇದಕ್ಕೊಂದು ತಿದ್ದುಪಡಿ ಬಂದು, ಅರ್ಜಿ ಹಾಕುವವಳು ಹೆಂಡತಿಯಾದರೆ ಆಕೆ ಆಗ ವಾಸಿಸುತ್ತಿರುವ ಊರಿನಲ್ಲಿಯೂ ಹಾಕಬಹುದು ಎಂದಾಯಿತು. ಅಂದರೆ ಗಂಡನ ಮನೆ ಬಂಟ್ವಾಳದಲ್ಲಿದ್ದರೂ ತವರಿಗೆ ಮರಳಿ ಕುಂಬಳೆಯಲ್ಲಿರುವ ಹೆಣ್ಣುಮಗಳು ಕಾಸರಗೋಡಿನ ಕುಟುಂಬ ನ್ಯಾಯಾಲಯಕ್ಕೇ ಬರಬಹುದು. ತೊಂದರೆ ಹುಟ್ಟುವುದು ಗಂಡನೇ ಮೊದಲು ಮಂಗಳೂರಿನ ಕಡೆ ಅರ್ಜಿ ಹಾಕಿಬಿಟ್ಟಾಗ. ಆ ಮೊಕದ್ದಮೆಯನ್ನು ಇಲ್ಲಿಗೆ ತರಿಸಿಕೊಳ್ಳುವ ಅಧಿಕಾರ ಬೆಂಗಳೂರಿನ ಹೈಕೋರ್ಟಿಗೂ ಇಲ್ಲ, ಎರ್ನಾಕುಳದ ಹೈಕೋರ್ಟಿಗೂ ಇಲ್ಲ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಿವಿಲ್ ಮೊಕದ್ದಮೆ ವರ್ಗವಾಗಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೆಯ ಸೆಕ್ಷನ್ ಪ್ರಕಾರ ಸುಪ್ರೀಂ ಕೋರ್ಟಿಗೇ ಹೋಗಬೇಕು. ಕಾಸರಗೋಡಿಗೂ ಮಂಗಳೂರಿಗೂ ನಡುವೆ ಐವತ್ತು ಕಿಲೋಮೀಟರಿನಷ್ಟು ದಾರಿ, ಲೋಕಲ್ ರೈಲಿನಲ್ಲಿ ಹೋಗಿ ಬರಬಹುದಾದ ದೂರ. ಆದರೆ ಆ ಐವತ್ತು ಕಿಲೋಮೀಟರಿನ ಫೈಲು ದೆಹಲಿಯನ್ನು ಸುತ್ತಿ ಬರಬೇಕು.

ಜೀವನಾಂಶದ ಅರ್ಜಿಗೆ ಈ ಕಷ್ಟ ಅಷ್ಟಾಗಿ ಇಲ್ಲ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ನಾವೆಲ್ಲ ಬಾಯಿಪಾಠ ಮಾಡಿಕೊಂಡಿದ್ದ 125ನೆಯ ಸೆಕ್ಷನ್ ಈಗ 144 ಆಗಿದೆ. ಹೆಂಡತಿ ತಾನು ವಾಸಿಸುವಲ್ಲಿಯೇ ಈ ಅರ್ಜಿ ಹಾಕಬಹುದು. ವೃದ್ಧ ತಂದೆ ತಾಯಿ ಮಗನಿಂದ ಜೀವನಾಂಶ ಕೇಳುವಾಗ ತಾವು ಇರುವ ಊರಿನಲ್ಲಿಯೇ ಕೇಳಬಹುದು ಎಂಬುದು ಹೊಸ ಸಂಹಿತೆಯಲ್ಲಿ ಸೇರಿದ ಒಳ್ಳೆಯ ಅಂಶ. ಮಕ್ಕಳೆಲ್ಲ ಬೆಂಗಳೂರು, ದುಬೈ ಸೇರಿರುವ ನಮ್ಮ ಊರುಗಳಲ್ಲಿ ಇದರ ಬೆಲೆ ನಿಮಗೆ ಬೇರೆ ಹೇಳಬೇಕಾಗಿಲ್ಲ.

ಇನ್ನು ಒಂದು ನಂಬಿಕೆಯ ವಿಚಾರ. ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಸಿಗುತ್ತದೆ ಎಂದು ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಹೆಣ್ಣಿನ ಕಡೆಯವರು ಅದನ್ನು ಆಸೆಯಿಂದ ಹೇಳುತ್ತಾರೆ, ಗಂಡಿನ ಕಡೆಯವರು ಭಯದಿಂದ ಹೇಳುತ್ತಾರೆ. ಗೋವಾವನ್ನು ಬಿಟ್ಟರೆ ನಮ್ಮ ದೇಶದಲ್ಲಿ ಅಂಥ ಕಾನೂನು ಇಲ್ಲ. ಗೋವೆಯಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆ ಉಳಿದುಕೊಂಡಿರುವುದರಿಂದ ಗಂಡ ಹೆಂಡತಿಯರ ಆಸ್ತಿ ಸಾಮಾನ್ಯವಾಗಿ ಜಂಟಿಯೆನಿಸುತ್ತದೆ. ಉಳಿದೆಡೆ ಯಾರ ಹೆಸರಿನಲ್ಲಿ ಆಧಾರ, ಅಂದರೆ ಭೂಮಿಯ ಒಡೆತನದ ಪತ್ರ, ಇದೆಯೋ ಭೂಮಿ ಅವರದ್ದು. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಮಸೂದೆಯೊಂದು 2010ರಲ್ಲಿ ಮಂಡನೆಯಾಗಿ, 2013ರಲ್ಲಿ ರಾಜ್ಯಸಭೆಯ ಒಪ್ಪಿಗೆಯನ್ನೂ ಪಡೆದು, ಮರುವರ್ಷ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಆಗ ಪತ್ರಿಕೆಗಳಲ್ಲಿ ಬಂದ ತಲೆಬರಹಗಳು ಮಾತ್ರ ಜನರ ನೆನಪಿನಲ್ಲಿ ಕಾನೂನಾಗಿ ಉಳಿದಿವೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಮಾತಾಡಲು ಅನುಮತಿ ಕೊಡಿ. ನಮ್ಮ ಜಿಲ್ಲೆಯಲ್ಲಿ ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಸಂತಾನದ ಮನೆಗಳಲ್ಲಿ ಒಂದು ಕಾಲಕ್ಕೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಹೆಣ್ಣಿಗೆ ಗಂಡನ ಆಸ್ತಿಯ ಹಂಗು ಇರಲಿಲ್ಲ. ತಾಯಿಯ ಕುಟುಂಬದಲ್ಲಿ, ತನ್ನ ಕವರಿನಲ್ಲಿ (ಆ ಕುಟುಂಬದ ತಾಯಿಯ ಕಡೆಯ ಕವಲಿನಲ್ಲಿ), ಅವಳಿಗೆ ಹುಟ್ಟಿನಿಂದಲೇ ನೆಲೆ ಇತ್ತು. ಸಂಬಂಧ ಮುರಿದರೆ ಮಕ್ಕಳನ್ನು ಕರೆದುಕೊಂಡು ಅವಳು ತನ್ನ ಮನೆಗೇ ಬರುತ್ತಿದ್ದಳು, ಮಕ್ಕಳು ಆ ಮನೆಯವರೇ ಆಗಿದ್ದರು. ಯಜಮಾನಿಕೆ ಮಾತ್ರ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿತ್ತು ಎಂಬುದನ್ನು ಮರೆಯಬಾರದು. ಆದ್ದರಿಂದ ಅದನ್ನು ಸುವರ್ಣಯುಗವೆಂದು ಹೊಗಳುವವರ ಸಾಲಿಗೆ ನಾನು ಸೇರುವುದಿಲ್ಲ. ಕೇರಳದ ಅವಿಭಕ್ತ ಹಿಂದೂ ಕುಟುಂಬ ಪದ್ಧತಿ ರದ್ದತಿ ಕಾಯಿದೆ 1975ರಲ್ಲಿ ಬಂದು, 1976ರ ಡಿಸೆಂಬರ್ 1ರಂದು ಜಾರಿಯಾಯಿತು. ಅಂದಿನಿಂದ ಕವರಿನ ಆಸ್ತಿ ಸದಸ್ಯರ ಬಿಡಿ ಪಾಲುಗಳಾಗಿ ಒಡೆಯಿತು. ಹಳೆಯ ನೆಲೆ ಹೋಯಿತು, ಗಂಡನ ಮನೆಯಲ್ಲಿ ಹೊಸ ಪಾಲು ಹುಟ್ಟಲಿಲ್ಲ. ಈ ಎರಡರ ನಡುವಿನ ಖಾಲಿ ಜಾಗದಲ್ಲಿ ಬಂದು ಕುಳಿತದ್ದು ಮದುವೆಯ ಚಿನ್ನ.

ಚಿನ್ನದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೇರಳದ ಕುಟುಂಬ ನ್ಯಾಯಾಲಯಗಳಲ್ಲಿ ಮಕ್ಕಳ ವಿಷಯ ಬಿಟ್ಟರೆ ಅತಿ ಹೆಚ್ಚು ಜಗಳ ನಡೆಯುವುದು ಇದರ ಮೇಲೆಯೇ. ಐವತ್ತು ಪವನು, ನೂರು ಪವನು ಎಂದು ಮದುವೆಯ ದಿನ ಎಲ್ಲರ ಬಾಯಲ್ಲೂ ಲೆಕ್ಕ ಇರುತ್ತದೆ. ಒಂದು ಪವನಿಗೆ ಎಂಟು ಗ್ರಾಂ, ಐವತ್ತಕ್ಕೆ ನಾನ್ನೂರು. ಹತ್ತು ವರ್ಷದ ಬಳಿಕ ನ್ಯಾಯಾಲಯದಲ್ಲಿ ಕೇಳಿದರೆ ಗಂಡನ ಕಡೆಯವರು ಹತ್ತೇ ಪವನು ಇತ್ತು, ಅದನ್ನೂ ಅವಳೇ ಒಯ್ದಿದ್ದಾಳೆ ಎನ್ನುತ್ತಾರೆ. ಕಾನೂನಿನ ನಿಲುವು ಸ್ಪಷ್ಟವಾಗಿದೆ: ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ, ಗಂಡ ಅದನ್ನು ಇಟ್ಟುಕೊಂಡಿದ್ದರೆ ಅವಳ ಪರವಾಗಿ ಇಟ್ಟುಕೊಂಡವನಷ್ಟೇ ಹೊರತು ಪಾಲುದಾರನಲ್ಲ. ಇದನ್ನು ಸುಪ್ರೀಂ ಕೋರ್ಟು 1985ರಲ್ಲಿಯೇ ಹೇಳಿದೆ. 2024ರ ಏಪ್ರಿಲಿನಲ್ಲಿ ಕೇರಳದ್ದೇ ಒಂದು ಪ್ರಕರಣ ಅಲ್ಲಿಗೆ ಹೋಯಿತು. 89 ಪವನು ಚಿನ್ನವನ್ನು ಮದುವೆಯ ಮೊದಲ ರಾತ್ರಿಯೇ ಗಂಡ ಭದ್ರವಾಗಿಡುತ್ತೇನೆಂದು ಪಡೆದು ತನ್ನ ತಾಯಿಯ ಕೈಗೆ ಕೊಟ್ಟನೆಂಬುದು ಹೆಂಡತಿಯ ದೂರು. ಇಂಥ ವಿಷಯದಲ್ಲಿ ಅಪರಾಧ ಮೊಕದ್ದಮೆಯಂತೆ ಕಟ್ಟುನಿಟ್ಟಿನ ಸಾಕ್ಷ್ಯ ಕೇಳಬಾರದು, ಯಾವುದು ಹೆಚ್ಚು ಸಂಭವವೋ ಅದನ್ನು ನೋಡಬೇಕು ಎಂದು ಹೇಳಿ ಸುಪ್ರೀಂ ಕೋರ್ಟು ಆಕೆಗೆ 25 ಲಕ್ಷ ರೂಪಾಯಿ ಕೊಡಿಸಿತು.

ಈ ತೀರ್ಪು ಬಂತೆಂದು ಕಾಗದವನ್ನು ಅಲಕ್ಷಿಸಬೇಡಿ. ನಾನು ನೋಡಿದ ಒಂದು ಪ್ರಕರಣದಲ್ಲಿ ಹುಡುಗಿಯ ತಂದೆ ಅಡಿಕೆ ಬೆಳೆಗಾರರು. ಚಿನ್ನ ಕೊಂಡದ್ದು ನಿಜ, ಬಿಲ್ಲು ಮಾತ್ರ ಒಂದೂ ಇರಲಿಲ್ಲ. ತೆರಿಗೆ ಉಳಿಯುತ್ತದೆಂದು ಬಿಲ್ಲಿಲ್ಲದೆ ಕೊಂಡಿದ್ದರು. ಕೊನೆಗೆ ಅವರನ್ನು ಉಳಿಸಿದ್ದು ಎರಡು ಸಂಗತಿ: ಮದುವೆಯ ಆಲ್ಬಮ್ಮಿನಲ್ಲಿದ್ದ ಹತ್ತಿರದ ಫೋಟೋಗಳು, ಮತ್ತು ಮದುವೆಗೆ ಎರಡು ವಾರ ಮೊದಲು ಸಹಕಾರಿ ಬ್ಯಾಂಕಿನಿಂದ ತೆಗೆದ ಸಾಲದ ದಾಖಲೆ. ಮುಂದೆ ಗಂಡ ಅದೇ ಚಿನ್ನದ ಒಂದು ಭಾಗವನ್ನು ಅಡವಿಟ್ಟ ಚೀಟಿಯೂ ಸಿಕ್ಕಿತು, ಅದರಲ್ಲಿ ಬಳೆಗಳ ತೂಕ ಬರೆದಿತ್ತು. ಗಂಡನ ಸಹಿ ಇದ್ದ ಆ ಚೀಟಿ ನನ್ನ ವಾದಕ್ಕಿಂತ ಚೆನ್ನಾಗಿ ಮಾತಾಡಿತು. ವರದಕ್ಷಿಣೆ ನಿಷೇಧ ಕಾಯಿದೆಯ ಕೆಳಗೆ 1985ರಲ್ಲಿ ಬಂದ ನಿಯಮಗಳು ವಧುವಿಗೂ ವರನಿಗೂ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದು, ಕೊಟ್ಟವರ ಹೆಸರು, ಅಂದಾಜು ಬೆಲೆ ಸಹಿತ, ಸಹಿ ಮಾಡಿಡಬೇಕು ಎನ್ನುತ್ತವೆ. ಈ ಸಭೆಯಲ್ಲಿ ಮದುವೆಯಾದವರು ತುಂಬ ಮಂದಿ ಇದ್ದೀರಿ. ಅಂಥ ಪಟ್ಟಿ ಬರೆದವರು ಕೈಯೆತ್ತಿ ಎಂದು ಕೇಳಿದಾಗ ಒಂದು ಕೈಯೂ ಏಳಲಿಲ್ಲ. ಯಾವ ಸಭೆಯಲ್ಲಿ ಕೇಳಿದರೂ ಇದೇ ಗತಿ. ಊಟದ ಎಲೆಯ ಲೆಕ್ಕ ಬರೆಯುತ್ತೇವೆ, ಮುಯ್ಯಿಯ ಲೆಕ್ಕ ಬರೆಯುತ್ತೇವೆ, ಇದನ್ನು ಮಾತ್ರ ಅಶುಭವೆಂದು ಬಿಡುತ್ತೇವೆ.

ಮನೆಯ ವಿಷಯ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಗಂಡನ ಹೆಸರಿನ ಹತ್ತು ಸೆಂಟ್ಸಿನಲ್ಲಿ ಹೆಂಡತಿಯ ಚಿನ್ನ ಮಾರಿ, ಆಕೆಯ ಸಂಬಳದ ಮೇಲೆ ಸಾಲ ತೆಗೆದು ಮನೆ ಕಟ್ಟುವುದು ನಮ್ಮಲ್ಲಿ ಸಾಮಾನ್ಯ. ಆಧಾರ ಗಂಡನದ್ದೇ ಆಗಿರುತ್ತದೆ. ಹಾಗಾದರೆ ಅವಳಿಗೆ ಏನೂ ಇಲ್ಲವೇ? ಇದೆ. 1984ರ ಕುಟುಂಬ ನ್ಯಾಯಾಲಯ ಕಾಯಿದೆಯ 7ನೆಯ ಸೆಕ್ಷನ್ ಗಂಡ ಹೆಂಡತಿಯ ನಡುವಿನ ಆಸ್ತಿಯ ವ್ಯಾಜ್ಯವನ್ನೂ ಇದೇ ನ್ಯಾಯಾಲಯಕ್ಕೆ ವಹಿಸಿದೆ. ತಾನು ಹಾಕಿದ ಹಣವನ್ನು ಆಕೆ ಅಲ್ಲಿ ಕೇಳಬಹುದು. ಆದರೆ ಹಾಕಿದೆನೆಂದು ತೋರಿಸುವ ಭಾರ ಅವಳ ಮೇಲೆಯೇ ಇರುತ್ತದೆ. ಚಿನ್ನ ಮಾರಿದ ರಶೀದಿ, ಆ ಹಣ ಬ್ಯಾಂಕಿನ ಖಾತೆಗೆ ಬಂದು ಮೇಸ್ತ್ರಿಗೋ ಸಿಮೆಂಟಿನ ಅಂಗಡಿಗೋ ಹೋದ ದಾಖಲೆ ಇದ್ದರೆ ದಾರಿ ಸುಗಮ. ನಗದಾಗಿ ಗಂಡನ ಕೈಗೆ ಕೊಟ್ಟಿದ್ದರೆ ಸಾಕ್ಷಿಗಳ ಬಾಯನ್ನು ನಂಬಿಕೊಂಡು ಕೂರಬೇಕು. ಇನ್ನೊಂದು ಮಾತು: ಕೇರಳದಲ್ಲಿ ಇಂಥ ಆಸ್ತಿ ಅರ್ಜಿಗಳ ನ್ಯಾಯಾಲಯ ಶುಲ್ಕ ಮೊದಲು ನಾಮಮಾತ್ರವಾಗಿತ್ತು. 2024ರಿಂದ ಅದು ಕೇಳುವ ಮೊತ್ತಕ್ಕೆ ತಕ್ಕಂತೆ ಏರುವ ಹಾಗಾಗಿದೆ. ಕೈ ಖಾಲಿಯಾಗಿ ತವರಿಗೆ ಬಂದವಳಿಂದ ಶುಲ್ಕವನ್ನು ಹೆಚ್ಚಿಸಿ ಕೇಳುವುದು ನನಗೆ ಒಪ್ಪಿಗೆಯಾದ ನೀತಿಯಲ್ಲ.

ಮನೆಯ ಒಡೆತನ ಬೇರೆ, ಮನೆಯಲ್ಲಿ ಇರುವ ಹಕ್ಕು ಬೇರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಎರಡನೆಯದನ್ನು ಕೊಡುತ್ತದೆ. ಮನೆ ಮಾವನ ಹೆಸರಿನಲ್ಲಿದ್ದರೆ ಸೊಸೆಗೆ ಆ ಹಕ್ಕು ಇಲ್ಲವೆಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2020ರಲ್ಲಿ ಅದೇ ನ್ಯಾಯಾಲಯ ಆ ನಿಲುವನ್ನು ತೆಗೆದುಹಾಕಿತು. ಹಾಗೆಂದು ಮಾವನ ಮನೆ ಸೊಸೆಯದಾಗುವುದಿಲ್ಲ. ಬೀದಿಗೆ ತಳ್ಳುವಂತಿಲ್ಲ ಎಂಬಷ್ಟೇ ಅದರ ಅರ್ಥ.

ಈಗ ಜೀವನಾಂಶ. ಎಷ್ಟು ಸಿಗುತ್ತದೆ ಎಂದು ಕೇಳಿದರೆ ನಾನು ಅಂಕಿ ಹೇಳುವುದಿಲ್ಲ, ಹೇಳುವ ವಕೀಲರನ್ನು ನಂಬಬೇಡಿ ಎಂದೂ ಹೇಳುತ್ತೇನೆ. ಹಳೆಯ 125ನೆಯ ಸೆಕ್ಷನ್ನಿನಲ್ಲಿ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು, 2001ರಲ್ಲಿ ಅದು ಹೋಯಿತು. ಈಗ ನಡೆಯುವುದು ಇಬ್ಬರ ಆದಾಯ, ಅಗತ್ಯ, ಜವಾಬ್ದಾರಿಗಳ ತೂಗಾಟ. 2020ರ ನವೆಂಬರಿನಲ್ಲಿ ರಜನೇಶ್ ವಿರುದ್ಧ ನೇಹಾ ಎಂಬ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೊಂದು ಕ್ರಮ ಹಾಕಿಕೊಟ್ಟಿತು. ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣ ಮಾಡಿ ಬರೆದುಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರಬೇಕು, ಬೇರೆ ನ್ಯಾಯಾಲಯದಲ್ಲಿ ಈಗಾಗಲೇ ಆದ ಆದೇಶವಿದ್ದರೆ ಮುಚ್ಚಿಡಬಾರದು. ನಮಗೆ ಮುಖ್ಯವಾದ ಸಂಗತಿ ಏನೆಂದರೆ ಆ ತೀರ್ಪು ಕೃಷಿಕರಿಗಾಗಿ ಬೇರೆಯೇ ಒಂದು ನಮೂನೆಯನ್ನು ಕೊಟ್ಟಿದೆ. ಎಷ್ಟು ಜಾಗ, ತರಿಯೋ ಖುಷ್ಕಿಯೋ, ಯಾವ ಬೆಳೆ, ಅದರ ಆದಾಯವೆಷ್ಟು, ಹಸು, ಕೋಳಿ, ಜೇನು ಇದೆಯೇ ಎಂಬುದನ್ನೂ ಅದರಲ್ಲಿ ಬರೆಯಬೇಕು.

ಅಡಿಕೆ ತೋಟದವರ ಆದಾಯ ಸಂಬಳದ ಚೀಟಿಯಲ್ಲಿ ಕಾಣುವಂಥದ್ದಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿರುವುದರಿಂದ ತೆರಿಗೆಯ ಕಾಗದದಲ್ಲಿಯೂ ಅದು ಸರಿಯಾಗಿ ಕಾಣುವುದಿಲ್ಲ. ಮೂರು ಎಕರೆ ತೋಟದ ಯಜಮಾನ ನ್ಯಾಯಾಲಯದಲ್ಲಿ ನಿಂತು ತಾನು ಕೂಲಿಯವನೆಂದು ಹೇಳಿದ್ದನ್ನು ನಾನು ಕೇಳಿದ್ದೇನೆ. ಹಳದಿ ರೋಗ, ಕೊಳೆ ರೋಗ ಇವೆಲ್ಲ ಮೊಕದ್ದಮೆಯ ವರ್ಷದಲ್ಲಿಯೇ ತೋಟಕ್ಕೆ ಬರುತ್ತವೆ. ಇಂಥಲ್ಲಿ ವಿಲ್ಲೇಜ್ ಆಫೀಸಿನ ಭೂತೆರಿಗೆ ರಶೀದಿ, ಕ್ಯಾಂಪ್ಕೋದಂಥ ಸಹಕಾರ ಸಂಸ್ಥೆಗೆ ಅಡಿಕೆ ಹಾಕಿದ ಬಿಲ್ಲು, ಸಹಕಾರಿ ಬ್ಯಾಂಕಿನ ಬೆಳೆ ಸಾಲದ ಅರ್ಜಿ ಬಹಳ ಉಪಯೋಗಕ್ಕೆ ಬರುತ್ತವೆ. ಸಾಲ ಕೇಳುವಾಗ ಆದಾಯ ಹೆಚ್ಚಾಗಿ ಬರೆದವರು ಜೀವನಾಂಶ ಕೊಡುವಾಗ ಕಡಿಮೆ ಹೇಳಿದರೆ ನ್ಯಾಯಾಧೀಶರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುತ್ತಾರೆ.

ಆದೇಶ ಸಿಕ್ಕಿತೆಂದರೆ ಹಣ ಸಿಕ್ಕಿತೆಂದಲ್ಲ. ಇಲ್ಲೊಂದು ಅವಧಿಯ ಮಿತಿಯಿದೆ, ದಯವಿಟ್ಟು ಬರೆದುಕೊಳ್ಳಿ. 144ನೆಯ ಸೆಕ್ಷನ್ನಿನ ಕೆಳಗೆ ಬಾಕಿ ಬಿದ್ದ ಜೀವನಾಂಶವನ್ನು ವಾರಂಟಿನ ಮೂಲಕ ವಸೂಲು ಮಾಡಬೇಕಾದರೆ ಆ ಬಾಕಿ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಇಂದೋ ನಾಳೆಯೋ ಕೊಟ್ಟಾರು ಎಂದು ನಾಲ್ಕು ವರ್ಷ ಕಾದು ಬಂದ ಒಬ್ಬ ತಾಯಿಗೆ ಕೊನೆಯ ಒಂದು ವರ್ಷದ ಬಾಕಿಯನ್ನಷ್ಟೇ ಆ ದಾರಿಯಲ್ಲಿ ಕೇಳಲು ಸಾಧ್ಯವಾಯಿತು. ಆಕೆ ಕಾದದ್ದು ಒಳ್ಳೆಯತನದಿಂದ. ಕಾನೂನಿನಲ್ಲಿ ಒಳ್ಳೆಯತನಕ್ಕೆ ಅವಧಿ ವಿಸ್ತರಣೆ ಇಲ್ಲ.

ಧರ್ಮವಾರು ವ್ಯತ್ಯಾಸಗಳನ್ನು ಚುಟುಕಾಗಿ ಹೇಳುತ್ತೇನೆ. ಮುಸ್ಲಿಂ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ವರ ವಧುವಿಗೆ ಕೊಡಬೇಕಾದ ಮಹರ್ ಅಲ್ಲದೆ ಮುಂದಿನ ಬದುಕಿಗೆ ನ್ಯಾಯವಾದ ಏರ್ಪಾಡನ್ನು, ವಿಚ್ಛೇದನದ ಬಳಿಕ ಹೆಣ್ಣು ಕಾಯಬೇಕಾದ ಇದ್ದತ್ತಿನ ಅವಧಿಯೊಳಗೆ ಗಂಡ ಮಾಡಬೇಕೆಂದು, ವಿಚ್ಛೇದಿತ ಮುಸ್ಲಿಂ ಮಹಿಳೆಯರ ಹಕ್ಕುಗಳ 1986ರ ಕಾಯಿದೆಯನ್ನು ಸುಪ್ರೀಂ ಕೋರ್ಟು 2001ರಲ್ಲಿ ಅರ್ಥೈಸಿತು. ಅದರ ಜೊತೆಗೆ ಎಲ್ಲರಿಗೂ ಇರುವ ಜೀವನಾಂಶದ ಸೆಕ್ಷನ್ನೂ ಅವರಿಗೆ ಮುಚ್ಚಿಲ್ಲವೆಂದು 2024ರ ಜುಲೈನಲ್ಲಿ ಹೇಳಿತು. ಹೆಣ್ಣೇ ಮುಂದಾಗಿ ಪಡೆಯುವ ಖುಲಾವನ್ನು ನ್ಯಾಯಾಲಯದ ಹೊರಗೂ ಮಾನ್ಯವೆಂದು ಕೇರಳ ಹೈಕೋರ್ಟು 2021ರಲ್ಲಿ ಒಪ್ಪಿದೆ. ವೆಳ್ಳರಿಕುಂಡು ಕಡೆಯ ಕ್ರೈಸ್ತ ಕುಟುಂಬಗಳಿಗೆ ಸಂಬಂಧಿಸಿದಂತೆ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಮೊದಲು ಒಂದು ವರ್ಷ ಬೇರೆಯಿರಲೇಬೇಕೆಂಬ ಷರತ್ತನ್ನು 2022ರ ಡಿಸೆಂಬರಿನಲ್ಲಿ ಇದೇ ಹೈಕೋರ್ಟು ರದ್ದುಪಡಿಸಿತು.

ಹಿಂದೂ ವಿವಾಹ ಕಾಯಿದೆಯ ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಮೊದಲ ಅರ್ಜಿಗೂ ಎರಡನೆಯ ಹಂತಕ್ಕೂ ನಡುವೆ ಆರು ತಿಂಗಳ ಅಂತರವಿದೆ. ಸುಪ್ರೀಂ ಕೋರ್ಟಿನ 2017ರ ತೀರ್ಪಿನ ಬಳಿಕ ತಕ್ಕ ಕಾರಣವಿದ್ದರೆ ನ್ಯಾಯಾಲಯ ಅದನ್ನು ಬಿಡಬಹುದು. ಹಣದ ದೃಷ್ಟಿಯಿಂದ ಅಪಾಯವಿರುವುದು ಈ ಆರು ತಿಂಗಳಲ್ಲಿಯೇ, ಏಕೆಂದರೆ ಡಿಕ್ರಿಯಾಗುವವರೆಗೆ, ಅಂದರೆ ನ್ಯಾಯಾಲಯದ ಅಂತಿಮ ಆದೇಶ ಬರುವವರೆಗೆ, ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಪೂರ್ತಿ ಹಣ ಮೊದಲೇ ಕೊಟ್ಟವರು ಕೈಕಟ್ಟಿ ಕೂರುತ್ತಾರೆ, ಪೂರ್ತಿ ಹಣ ಡಿಕ್ರಿಯ ಮೇಲೆ ಎಂದು ಒಪ್ಪಿದವರು ಆಮೇಲೆ ಬಾಗಿಲು ತಟ್ಟುತ್ತಾರೆ. ಒಂದು ಭಾಗ ಮೊದಲ ದಿನ, ಉಳಿದದ್ದು ಎರಡನೆಯ ಹಂತದ ದಿನ ನ್ಯಾಯಾಧೀಶರ ಎದುರಿನಲ್ಲಿ ಡಿಮಾಂಡ್ ಡ್ರಾಫ್ಟ್ ಆಗಿ ಕೊಡುವ ರೂಢಿಯನ್ನು ನಾನು ಬಿಡುವುದಿಲ್ಲ. ಮಗುವಿನ ಖರ್ಚನ್ನು ಈ ಚೌಕಾಸಿಯೊಳಗೆ ಸೇರಿಸಬೇಡಿ. ಬೇಗ ಬಿಡುಗಡೆಯಾಗಲಿ ಎಂದು ತಾಯಿ ತನ್ನ ಜೀವನಾಂಶವನ್ನು ಬಿಟ್ಟುಕೊಡಬಹುದು, ಮಗುವಿನ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ಅವಳಿಗಿಲ್ಲ.

ತೆರಿಗೆಯ ಬಗ್ಗೆ ಒಂದೇ ಮಾತು. ಒಮ್ಮೆಗೇ ಕೊಡುವ ಇಡಿಗಂಟು ಪಡೆದವರ ಆದಾಯವೆನಿಸುವುದಿಲ್ಲ, ತಿಂಗಳು ತಿಂಗಳು ಬರುವ ಜೀವನಾಂಶ ಆದಾಯವಾಗಬಹುದು ಎಂಬುದು ಬಾಂಬೆ ಹೈಕೋರ್ಟಿನ ಹಳೆಯ ತೀರ್ಪೊಂದರಿಂದ ಬಂದ ನಿಲುವು. ಒಪ್ಪಂದ ಬರೆಯುವ ಮೊದಲು ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳುವುದು ಲೇಸು.

ಗಲ್ಫಿನಲ್ಲಿರುವ ಗಂಡಂದಿರ ಪ್ರಶ್ನೆಯನ್ನು ಇಲ್ಲಿ ಹಲವರು ಚೀಟಿಯಲ್ಲಿ ಬರೆದು ಕಳಿಸಿದ್ದೀರಿ. ಅಲ್ಲಿ ಪಡೆದ ವಿಚ್ಛೇದನ ಇಲ್ಲಿ ನಡೆಯುತ್ತದೆಯೇ ಎಂದರೆ, ಇಬ್ಬರೂ ಯಾವ ಕಾನೂನಿನ ಕೆಳಗೆ ಮದುವೆಯಾಗಿದ್ದಾರೋ ಅದು ಒಪ್ಪುವ ಕಾರಣಕ್ಕಾಗಿ, ಒಪ್ಪುವ ನ್ಯಾಯಾಲಯದಲ್ಲಿ ಆಗಿರಬೇಕು, ಇಲ್ಲವೇ ಎದುರು ಪಕ್ಷದವರು ಸ್ವಇಚ್ಛೆಯಿಂದ ಆ ನ್ಯಾಯಾಲಯಕ್ಕೆ ಒಪ್ಪಿ ಹಾಜರಾಗಿರಬೇಕು. ಇದು ಸುಪ್ರೀಂ ಕೋರ್ಟಿನ 1991ರ ತೀರ್ಪು, ತಿರುಪತಿಯಲ್ಲಿ ಮದುವೆಯಾದ ದಂಪತಿಯ ಮೊಕದ್ದಮೆಯಲ್ಲಿ ಬಂದದ್ದು. ಗಂಡನ ದಿರ್ಹಾಮ್ ಸಂಬಳವನ್ನು ತೋರಿಸಲು ಅಲ್ಲಿನ ಕಂಪೆನಿಯ ಪತ್ರ ಸಿಗದಿದ್ದರೆ ಆತ ಊರಿಗೆ ಕಳಿಸುತ್ತಿದ್ದ ಹಣ ಜಮೆಯಾದ, ಹೊರದೇಶದಲ್ಲಿರುವವರಿಗಾಗಿ ಇಲ್ಲಿನ ಬ್ಯಾಂಕುಗಳಲ್ಲಿರುವ ಎನ್‌ಆರ್‌ಇ ಖಾತೆಯ ವಿವರವನ್ನು ನ್ಯಾಯಾಲಯದ ಮೂಲಕ ತರಿಸಬಹುದು.

ಡಿಕ್ರಿಯ ಮರುದಿನ ಮಾಡಬೇಕಾದ ಕೆಲಸಗಳನ್ನು ಯಾರೂ ಮಾಡುವುದಿಲ್ಲ. ಇಬ್ಬರೂ ಸೇರಿ ತೆಗೆದ ಮನೆ ಸಾಲವನ್ನು ಇನ್ನು ಗಂಡನೇ ಕಟ್ಟುತ್ತಾನೆ ಎಂದು ರಾಜಿಪತ್ರದಲ್ಲಿ ಬರೆದರೆ ಅದು ಗಂಡ ಹೆಂಡತಿಯರನ್ನು ಕಟ್ಟಿಹಾಕುತ್ತದೆ, ಬ್ಯಾಂಕನ್ನಲ್ಲ. ಕಂತು ತಪ್ಪಿದರೆ ಬ್ಯಾಂಕು ಇಬ್ಬರಿಗೂ ನೋಟೀಸು ಕಳಿಸುತ್ತದೆ. ಮರುಮದುವೆಯಾಗಿ ನೆಮ್ಮದಿಯಲ್ಲಿದ್ದ ಒಬ್ಬಾಕೆಗೆ ಮಾಜಿ ಗಂಡನ ಸಾಲದ ನೋಟೀಸು ಹೊಸ ಗಂಡನ ವಿಳಾಸಕ್ಕೆ ಬಂದು ಆದ ಮುಜುಗರವನ್ನು ನಾನು ಬಲ್ಲೆ. ರಾಜಿಯ ಮೊದಲೇ ಬ್ಯಾಂಕಿಗೆ ಹೋಗಿ ಸಾಲವನ್ನು ಒಬ್ಬರ ಹೆಸರಿಗೆ ಮಾಡಿಸಿಕೊಳ್ಳಬೇಕು, ಆಗದಿದ್ದರೆ ತೀರಿಸಿಯೇ ಬೇರ್ಪಡಬೇಕು. ವಿಮೆಯ ಪಾಲಿಸಿ, ಭವಿಷ್ಯನಿಧಿ, ಬ್ಯಾಂಕಿನ ಠೇವಣಿಗಳಲ್ಲಿ ನಾಮಿನಿಯಾಗಿ ಬರೆದ ಹೆಸರು ಕೂಡ ಡಿಕ್ರಿಯಿಂದ ತಾನಾಗಿ ಅಳಿಸಿಹೋಗುತ್ತದೆಂದು ಭಾವಿಸಬಾರದು. ಹೋಗಿ ಬದಲಾಯಿಸಬೇಕು.

ಕೊನೆಯದಾಗಿ ಭಾಷೆಯ ವಿಷಯ, ಅದು ನಮ್ಮ ಜಿಲ್ಲೆಯದೇ ಆದ ತೊಡಕು. ರಾಜಿಪತ್ರಗಳು ಇಂಗ್ಲಿಷಿನಲ್ಲಿಯೋ ಮಲಯಾಳದಲ್ಲಿಯೋ ತಯಾರಾಗುತ್ತವೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಓದಿದ ಹೆಣ್ಣುಮಗಳು ವಕೀಲರ ಗುಮಾಸ್ತರು ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕುತ್ತಾಳೆ. ‘ಎಲ್ಲ ಬಾಕಿಗಳೂ ಸಂದಾಯವಾಗಿವೆ’ ಎಂಬ ಒಂದು ಸಾಲಿನಲ್ಲಿ ಅವಳ ಚಿನ್ನವೂ ಸೇರಿಹೋಗಿರುತ್ತದೆ. ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ, ಹಾಗೆ ಓದಿ ಹೇಳಲಾಯಿತೆಂದು ಆ ಕಾಗದದಲ್ಲಿಯೇ ಬರೆಸಿ, ಕನ್ನಡದಲ್ಲಿಯೇ ಸಹಿ ಮಾಡಿ. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ ಅಲ್ಲಿ ಆದಾಯದ ಮಿತಿಯನ್ನು ಕೇಳುವುದಿಲ್ಲ. ಹೋಗುವಾಗ ಮದುವೆ ನೋಂದಣಿಯ ಪ್ರಮಾಣಪತ್ರ, ಆಲ್ಬಮ್ಮು, ಬ್ಯಾಂಕಿನ ಪಾಸ್‌ಬುಕ್ಕು, ಇದ್ದರೆ ಅಡವಿನ ಚೀಟಿ, ಇವನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮೂಲಪ್ರತಿಗಳನ್ನು ಯಾರ ಕೈಯಲ್ಲೂ ಬಿಟ್ಟು ಬರಬೇಡಿ, ನನ್ನಂಥ ವಕೀಲರ ಕೈಯಲ್ಲಿಯೂ.